ಅಕ್ಕ ಬಿಟ್ಟುಕೊಟ್ಟ ಸಮಯ

ಮಾನ್ಯ ಅಧ್ಯಕ್ಷರೇ, ಅಂದರೆ ಮೇಷ್ಟ್ರೇ,

ಅರ್ಧಕ್ಕೆ ನಿಂತ ನಮ್ಮ ಕಾಲೇಜಿನ ಅಣಕು ವಿಶ್ವಸಂಸ್ಥೆ ಸಭೆ ಸೋಮವಾರ ಮುಂದುವರಿಯುತ್ತದಂತೆ. ಅಕ್ಕನ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಬೇಡಿ. ನಮ್ಮ ಪಾಲಿಗೆ ಬಂದ ದೇಶದ ಪರ ಮಾತಾಡಲು ನಾನೊಬ್ಬಳೇ ಸಾಕು.

ಅವತ್ತು ಭಾಷಣದ ಮಧ್ಯೆ ಅಕ್ಕ, "ಉಳಿದ ಸಮಯ ನನ್ನ ತಂಗಿಗೆ" ಎಂದಳು. "ತಂಗಿ ಅಲ್ಲಮ್ಮ, ಸಹಪ್ರತಿನಿಧಿ ಅನ್ನು" ಎಂದು ನೀವು ತಿದ್ದಿದಿರಿ. ಎಲ್ಲರೂ ನಕ್ಕರು. "ಯಾಕೋ ಸುಸ್ತು ಕಣೇ, ನೀನೇ ಮುಗಿಸು" ಎಂದು ನನಗೆ ಪಿಸುಗುಟ್ಟಿ ಅಕ್ಕ ಅಲ್ಲೇ ಕುಸಿದಳು. ಆಸ್ಪತ್ರೆಯಿಂದ ಅವಳು ಜೀವಂತವಾಗಿ ಮರಳಲಿಲ್ಲ.

ಬಿಟ್ಟುಕೊಟ್ಟ ಸಮಯವನ್ನು ಪಡೆದವರು ಇನ್ನೊಬ್ಬರಿಗೆ ದಾಟಿಸುವಂತಿಲ್ಲ ಎಂಬ ನಿಯಮ ಕಲಿಸಿದವರು ನೀವೇ. ಹಾಗಾಗಿ ನಾನೇ ಎದ್ದು ನಿಲ್ಲುತ್ತೇನೆ. ಬಾಯಿಂದ ಮಾತು ಹೊರಡದಿದ್ದರೂ, ಆ ಸಮಯ ಮುಗಿಯುವವರೆಗೆ ದಯವಿಟ್ಟು ಮೇಜಿನ ಮೇಲೆ ಸುತ್ತಿಗೆ ಬಡಿದು ನನ್ನನ್ನು ಕೂರಿಸಬೇಡಿ.

ಇಂತಿ,
ಅವಳ ತಂಗಿ