ಡುಮ್ಮನಿಗೆ ಸಿಕ್ಕಿದ್ದು

ಮಾರ್ಚ್ ೯, ಭಾನುವಾರ

ಡುಮ್ಮನವರಿಗೆ,

‘ಪ್ರೀತಿಯ’ ಎಂದು ಕೈ ತಾನಾಗಿ ಬರೆದುಬಿಟ್ಟಿತ್ತು. ಎಂಟು ವರ್ಷದ ಅಭ್ಯಾಸ. ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ‘ನೀವು’ ಎಂದು ಓದಿ ಹುಬ್ಬೇರಿಸಬೇಡಿ. ಕನ್ನಡಕ ಮಾಡಿಸಲು ಅಂಗಡಿಗೆ ಬರುವವರನ್ನೆಲ್ಲ ನಾನು ನೀವು ಎಂದೇ ಮಾತಾಡಿಸುವುದು. ಈಗ ನೀವೂ ಆ ಸಾಲಿಗೆ ಸೇರಿದಿರಿ.

ಫೋನ್ ಎತ್ತುತ್ತಿಲ್ಲ ಎಂದು ಕೊನೆಗೆ ಕಾಗದ ಬರೆದಿರಲ್ಲ, ಸಂತೋಷ. ಮೂರು ಪುಟ. ಅದರಲ್ಲಿ ಎರಡು ಪುಟ ‘ಅದು ಬರೀ ಆಟ ಕಣೇ’ ಎನ್ನುವುದಕ್ಕೇ ಹೋಗಿದೆ. ಮನೆಗೆ ಬರಲಾ ಎಂದು ನೇರವಾಗಿ ಕೇಳುವ ಧೈರ್ಯವಿಲ್ಲದೆ, ಕೊನೆಯ ಸಾಲಿನಲ್ಲಿ ನಮ್ಮ ಹಳೆಯ ಮಾತನ್ನು ಬರೆದಿದ್ದೀರಿ: ‘ಹೋಗೋಣ್ವಾ?’

ಆ ಮಾತನ್ನು ಮುಟ್ಟಬಾರದಿತ್ತು ನೀವು. ಕಂಪ್ಯೂಟರಿನಲ್ಲಿ ನಾವಿಬ್ಬರೂ ಆಡುತ್ತಿದ್ದದ್ದು ಒಂದೇ ಜೀವದ ಆಟ. ಸತ್ತರೆ ಮುಗಿಯಿತು, ಮೈಮೇಲಿದ್ದ ಗಳಿಕೆಯೆಲ್ಲ ಜೊತೆಯಲ್ಲೇ ಮಣ್ಣು. ಅದಕ್ಕೇ ದೊಡ್ಡ ರಾಕ್ಷಸನ ಬಾಗಿಲ ಮುಂದೆ ನಿಂತು ಒಬ್ಬರು ‘ಹೋಗೋಣ್ವಾ’ ಎಂದು ಕೇಳಬೇಕು, ಇನ್ನೊಬ್ಬರು ‘ಹೂಂ’ ಎನ್ನುವ ತನಕ ಬಾಗಿಲು ಮುಟ್ಟಬಾರದು ಎಂದು ಮಾಡಿಕೊಂಡಿದ್ದೆವು. ಆರು ವರ್ಷ ಅದನ್ನು ಒಮ್ಮೆಯೂ ಮುರಿಯಲಿಲ್ಲ. ಗುರಾಣಿ ಹಿಡಿದ ದಪ್ಪ ಹೊಟ್ಟೆಯ ನಿಮ್ಮ ಡುಮ್ಮ ಮುಂದೆ, ನನ್ನ ಬಿಲ್ಲುಗಾತಿ ಹಿಂದೆ.

ಆಟವನ್ನು ಬಯ್ಯುವವಳಲ್ಲ ನಾನು. ಬೆಳಗಿಂದ ಸಂಜೆಯವರೆಗೆ ಗಾಜು ಉಜ್ಜುತ್ತೇನೆ. ಕೂದಲೆಳೆಯಷ್ಟು ತಪ್ಪಿದರೂ ಯಾರದೋ ತಲೆನೋವಿಗೆ ನಾನೇ ಹೊಣೆ. ಅಂಥವಳು ಮನೆಗೆ ಬಂದು ಕೈತೊಳೆದು ಕೂತರೆ, ಬಿದ್ದ ರಾಕ್ಷಸನ ಮೈಯಿಂದ ಸಾಮಾನು ಠಣಠಣ ಎಂದು ಚೆಲ್ಲುತ್ತಿತ್ತು. ಹತ್ತರಲ್ಲಿ ಒಂಬತ್ತು ಕಸ. ಆ ಕಸದ ನಡುವೆ ಕೂತು, ಈ ಕೈಗವಸು ಮೇಲೋ ಆ ಕೈಗವಸು ಮೇಲೋ ಎಂದು ನಿಮ್ಮ ಜೊತೆ ಕಿತ್ತಾಡಿದ್ದೇ ನನ್ನ ಸಂಸಾರದ ಅತ್ಯಂತ ಸುಖದ ಹೊತ್ತು. ಯಾವಾಗಲೋ ಒಮ್ಮೆ ಅಪರೂಪದ ವಸ್ತು ಬಿದ್ದು ಕಿತ್ತಳೆ ಬಣ್ಣದ ಬೆಳಕು ಕಂಬದ ಹಾಗೆ ಎದ್ದರೆ ಎದೆ ಬಾಯಿಗೆ ಬರುತ್ತಿತ್ತು. ಸಿಕ್ಕಿದ್ದು ಯಾರಿಗಾದರೇನು, ಯಾರಿಗೆ ಹೊಂದುತ್ತದೋ ಅವರದು. ಇದೂ ನಾವೇ ಮಾಡಿಕೊಂಡ ಮಾತು.

ನನಗೆ ಹೊಂದುತ್ತಿದ್ದದ್ದು ಗಿಡುಗನ ಕಣ್ಣಿನ ಉಂಗುರ. ಬಿಲ್ಲು ಹಿಡಿದವರಿಗೆ ಮಾತ್ರ ಆಗುವಂಥದ್ದು, ಕಪ್ಪೆಮುಖದ ಆ ರಾಕ್ಷಸನ ಹತ್ತಿರ ಮಾತ್ರ ಇರುವಂಥದ್ದು. ಕೊಂದಷ್ಟೂ ಮತ್ತೆ ಹುಟ್ಟುವ ಅವನನ್ನು ಎರಡು ವರ್ಷ ಕೊಂದೆವು. ಕಪ್ಪೆರಾಯ ಎಂದು ಹೆಸರಿಟ್ಟಿರಿ. ಇಷ್ಟು ಸಲ ಹೋದ ಮೇಲೆ ಅವನು ಎದ್ದು ಬಂದು ಚಹಾ ಬೇಕಾ ಎಂದು ಕೇಳುತ್ತಾನೆ ನೋಡು ಎಂದು ನಗಿಸುತ್ತಿದ್ದಿರಿ. ಉಂಗುರ ಮಾತ್ರ ಬೀಳಲಿಲ್ಲ.

ಡಿಸೆಂಬರಿನ ಆ ಬುಧವಾರ ನನಗೆ ವಾರದ ರಜೆ. ಬಟ್ಟೆ ಮೆಷಿನ್‌ಗೆ ಹಾಕಿ ಮಧ್ಯಾಹ್ನ ಆಟ ತೆರೆದೆ. ಲಿಫ್ಟ್ ರಿಪೇರಿಯ ಕೆಲಸಕ್ಕೆಂದು ಹೋಗಿದ್ದ ನೀವು ಆಟದೊಳಗಿನ ಸಂತೆಬೀದಿಯಲ್ಲಿದ್ದಿರಿ. ಡುಮ್ಮನ ಪಕ್ಕದಲ್ಲಿ ಇನ್ನೊಬ್ಬಳು ಬಿಲ್ಲುಗಾತಿ. ಅವಳ ಬೆರಳಲ್ಲಿ ಗಿಡುಗನ ಕಣ್ಣು. ಒತ್ತಿ ನೋಡಿದೆ. ಆ ಆಟದಲ್ಲಿ ಪ್ರತಿ ವಸ್ತುವಿನ ಮೇಲೂ ಅದರ ಜಾತಕ ಇರುತ್ತದಲ್ಲ, ಅದನ್ನು ಮರೆತಿರಿ ನೀವು. ‘ಸಿಕ್ಕಿದ್ದು: ಡುಮ್ಮನಿಗೆ.’ ಕೆಳಗೆ ತಾರೀಖು, ನವೆಂಬರ್ ೨೧.

ಅಂದು ಅಮ್ಮನ ಸೊಂಟದ ಮೂಳೆಯ ಆಪರೇಷನ್. ಹೊರಗೆ ಕಬ್ಬಿಣದ ಕುರ್ಚಿಯಲ್ಲಿ ನಾನೊಬ್ಬಳೇ ಕೂತಿದ್ದೆ. ಕಾಗದಗಳಿಗೆಲ್ಲ ಒಬ್ಬಳೇ ಸಹಿ ಹಾಕಿದ್ದೆ. ನೀವು ಫೋನ್ ಮಾಡಿ, ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟ್ ನಿಂತಿದೆ, ಒಳಗೆ ಜನ ಇದ್ದಾರೆ, ಬರಲಾಗುವುದಿಲ್ಲ ಎಂದಿರಿ. ಪಾಪ, ಮೊದಲು ಅವರನ್ನು ಇಳಿಸು ಎಂದು ನಾನೇ ಹೇಳಿದೆ. ನನ್ನ ಆ ಮಾತು ನೆನಪಾದಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ.

ಅವಳ ಮುಖವನ್ನೇ ನೋಡಿಲ್ಲ ಎಂದು ಆಣೆ ಇಟ್ಟು ಬರೆದಿದ್ದೀರಿ. ನಂಬುತ್ತೇನೆ. ನಂಬಿದರೆ ಇನ್ನೂ ಹೆಚ್ಚು ನೋವಾಗುತ್ತದೆ. ಮುಖ ಕಾಣದವಳ ಜೊತೆ ಕಾಲ ಕಳೆಯಲು ನನ್ನ ಅಮ್ಮನ ಆಪರೇಷನ್ ದಿನವೇ ಬೇಕಾಯಿತೇ? ಎರಡು ವರ್ಷ ನನ್ನ ಜೊತೆ ಹುಡುಕಿದ್ದನ್ನು ಅವಳಿಗೆ ಕೊಡುವಾಗ ಒಂದು ಗಳಿಗೆಯೂ ಕೈ ತಡೆಯಲಿಲ್ಲವೇ? ಆಮೇಲೂ ಮೂರು ವಾರ ನನ್ನ ಪಕ್ಕ ಕೂತು ಕಪ್ಪೆರಾಯನನ್ನು ಕೊಂದಿರಿ. ‘ಈ ಸಲವೂ ಇಲ್ಲ, ಛೆ’ ಎಂದು ನನಗಿಂತ ಜೋರಾಗಿ ಹಲುಬಿದಿರಿ.

ಇನ್ನೊಂದು ಮಾತು. ಮೂರು ಪುಟದಲ್ಲಿ ಎಲ್ಲೂ ನಿಮ್ಮ ಅತ್ತೆ ಹೇಗಿದ್ದಾರೆ ಎಂಬ ಪ್ರಶ್ನೆಯಿಲ್ಲ. ಡುಮ್ಮನ ಬಗ್ಗೆ ಇದೆ. ಪಾಸ್‌ವರ್ಡ್ ನಿನ್ನ ಹತ್ತಿರ ಇದೆ, ಸಿಟ್ಟಿನಲ್ಲಿ ಅವನಿಗೆ ಏನೂ ಮಾಡಬೇಡ ಎಂದಿದ್ದೀರಿ. ಅಮ್ಮ ಕೋಲೂರಿ ಅಡುಗೆಮನೆಯ ತನಕ ನಡೆಯುತ್ತಾಳೆ. ಡುಮ್ಮನನ್ನು ನಾನು ಮುಟ್ಟಿಲ್ಲ. ಆಟ ತೆರೆದೇ ಮೂರು ತಿಂಗಳಾಯಿತು. ನಿಮ್ಮ ಉಪಕರಣದ ಚೀಲ, ಚಳಿಯ ಕೋಟು ಕಟ್ಟಿಟ್ಟಿದ್ದೇನೆ. ನಾನು ಅಂಗಡಿಯಲ್ಲಿರುವ ಹೊತ್ತು ನೋಡಿ ಬಂದು ಒಯ್ಯಿರಿ.

ಹೋಗೋಣ್ವಾ ಎಂದು ಕೇಳಿದ್ದಿರಿ. ಊಹೂಂ.

ಇಂತಿ,
ಬಿಲ್ಲುಗಾತಿ

ವಿ.ಸೂ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಇವತ್ತು ಬೆಳಿಗ್ಗೆ ನಿನ್ನ ಕಾಗದ ಓದಿ ಡುಮ್ಮನನ್ನು ತೆರೆದೆ, ಸಾಯಿಸಬೇಕೆಂದೇ. ಗುರಾಣಿ ಬಿಚ್ಚಿಸಿ ಕಪ್ಪೆರಾಯನ ಬಾಗಿಲಿಗೆ ಕರೆದುಕೊಂಡು ಹೋದೆ. ಅಭ್ಯಾಸ ನೋಡು, ಹೋಗೋಣ್ವಾ ಎಂದು ಬಾಯಿಬಿಟ್ಟು ಕೇಳಿದೆ. ತನ್ನನ್ನು ನಡೆದಾಡಿಸಲು ಕರೆದೆನೆಂದುಕೊಂಡು ಪಕ್ಕದ ಕೋಣೆಯಿಂದ ಅಮ್ಮ ಹೂಂ ಎಂದಳು. ಒಳಗೆ ಹೋದ ಮೇಲೆ ಕೈ ನನ್ನ ಮಾತು ಕೇಳಲಿಲ್ಲ. ಏಟು ಬರುವಾಗಲೆಲ್ಲ ನಿನ್ನನ್ನು ಪಕ್ಕಕ್ಕೆ ಎಳೆಯಿತು, ಮದ್ದು ಕುಡಿಸಿತು. ಕಪ್ಪೆರಾಯನೇ ಸತ್ತ. ಕಿತ್ತಳೆ ಬೆಳಕು ಎದ್ದಿತು. ‘ಬಿತ್ತು ಕಣೋ!’ ಎಂದು ಕೂಗಿ ನಿನ್ನ ಕುರ್ಚಿಯ ಕಡೆ ತಿರುಗಿದೆ. ಅದರ ಮೇಲೆ ಮಡಚದ ಬಟ್ಟೆಯ ರಾಶಿ ಇತ್ತು. ಗಿಡುಗನ ಕಣ್ಣನ್ನು ಒತ್ತಿ ನೋಡಿದೆ. ಅದರ ಮೇಲೂ ‘ಸಿಕ್ಕಿದ್ದು: ಡುಮ್ಮನಿಗೆ’ ಎಂದೇ ಇತ್ತು. ಎತ್ತಿಕೊಳ್ಳಲಿಲ್ಲ. ನೆಲದ ಮೇಲೆ ಬಿಟ್ಟು ಆಟ ಮುಚ್ಚಿದೆ. ಹಾಗೆ ಬಿಟ್ಟದ್ದು ಮತ್ತೆ ಸಿಗುವುದಿಲ್ಲ, ನಿನಗೆ ಗೊತ್ತು. ಪಾಸ್‌ವರ್ಡ್ ಇವತ್ತೇ ಬದಲಾಯಿಸಿಕೋ. ಮುಂದಿನ ಸಲ ಈ ಕೈ ನಿನ್ನನ್ನು ಉಳಿಸುವುದಿಲ್ಲ.