ಹಳದಿ ದೀಪದ ಅರ್ಧ ಪುಟ

ಕಪ್ಪತಗುಡ್ಡದ ತಪ್ಪಲು,
ಮೇ ತಿಂಗಳ ನಲವತ್ತೊಂದನೆಯ ದಿನ, ೨೧೯೪

ತೀರ್ಥರೂಪ ಫಕೀರಪ್ಪ ಮಾಸ್ತರರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಮೇ ತಿಂಗಳಿಗೆ ಅರವತ್ತು ದಿನ. ಬಿಸಿಲು ಇಳಿಯುವವರೆಗೆ ತಿಂಗಳು ಬದಲಿಸುವುದು ಬೇಡವೆಂದು ಹಿರಿಯರು ಎಂದೋ ತೀರ್ಮಾನಿಸಿಬಿಟ್ಟರು. ಈ ಪತ್ರದಲ್ಲಿ ನೀವು ಕೇಳಿರದ ಮಾತುಗಳೂ ಬರುತ್ತವೆ. ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತೇನೆ. ನಾನು ನಿಮ್ಮಿಂದ ಏಳನೆಯ ತಲೆಮಾರಿನ ಸಂಗವ್ವ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮನೆತನದ ಮೂಲಪುರುಷರಾದ ನಿಮಗೆ ಪತ್ರ ಬರೆದು, ನಿಮ್ಮ ಕಾರಿನಿಂದ ಬಿಚ್ಚಿ ಉಳಿಸಿಕೊಂಡಿರುವ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡುವುದು ನಮ್ಮ ಪದ್ಧತಿ. ಈವರೆಗೆ ಒಂದಕ್ಕೂ ಉತ್ತರ ಬಂದಿಲ್ಲ. ಈ ಸಲ ತೀರಿಕೊಂಡವಳು ನನ್ನ ಮಗಳು ಹೊನ್ನಿ. ಅವಳಿಗೆ ಇಪ್ಪತ್ತಮೂರು ವರ್ಷ.

ನಾವು ಉರುಳುಮನೆಯವರು. ಗಾಲಿಗಳ ಮೇಲೆ ಕಟ್ಟಿ, ಬಿಸಿ ಏರಿದಂತೆ ದಕ್ಷಿಣದ ಗುಡ್ಡಗಳಿಗೂ ಇಳಿದಂತೆ ಗದಗಿನ ಬಯಲಿಗೂ ಓಡಿಸುವ ಮನೆಗೆ ಉರುಳುಮನೆ ಎನ್ನುತ್ತೇವೆ. ನಮ್ಮ ತಂಡದಲ್ಲಿ ಅಂಥವು ಇಪ್ಪತ್ತೆರಡು. ಒಳಗೆ ಎಲ್ಲವನ್ನೂ ಕಟ್ಟಿಯೇ ಇಡಬೇಕು. ರೊಟ್ಟಿ ಹಂಚಿಗೆ ಕೊಕ್ಕೆ, ಶೇಂಗಾ ಚಟ್ನಿಯ ಡಬ್ಬಿಗೆ ದಾರ, ಮಲಗಿದ ಮುದುಕರಿಗೂ ಒಂದು ಪಟ್ಟಿ. ಕಪ್ಪತಗುಡ್ಡದ ಹಳೆಯ ಗಾಳಿಯಂತ್ರಗಳಲ್ಲಿ ಹನ್ನೊಂದು ಇನ್ನೂ ತಿರುಗುತ್ತವೆ. ಅವುಗಳ ಬುಡದಲ್ಲಿ ನಾಲ್ಕು ದಿನ ನಿಂತು ಬ್ಯಾಟರಿ ತುಂಬಿಸಿಕೊಂಡು ಮುಂದೆ ಹೊರಡುತ್ತೇವೆ. ಗಟ್ಟಿ ರಬ್ಬರಿನ ಗಾಲಿ ಹಾಕಿ ನೋಡಿದ್ದೂ ಆಯಿತು, ಕುಲುಕಾಟಕ್ಕೆ ಮನೆಯ ಕೀಲುಗಳೇ ಸಡಿಲವಾದವು. ಹಾಗಾಗಿ ಇಂದಿಗೂ ನಮ್ಮ ಜೀವ ನಿಂತಿರುವುದು ಎದೆಯೆತ್ತರದ ನಾಲ್ಕು ಗಾಲಿಗಳೊಳಗಿನ ಗಾಳಿಯ ಮೇಲೆ.

ಗಾಳಿ ಇಳಿದದ್ದನ್ನು ತಿಳಿಯಲು ನಿಮ್ಮ ಕಾರುಗಳಿಗೆ ಎರಡು ದಾರಿ ಇದ್ದವಂತೆ. ಒಂದರಲ್ಲಿ ಪ್ರತಿ ಗಾಲಿಯೊಳಗೆ, ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಕೂತು ಒತ್ತಡವನ್ನು ತಾನೇ ಅಳೆದು ರೇಡಿಯೋ ಅಲೆಯಲ್ಲಿ ಡ್ಯಾಶ್‌ಬೋರ್ಡಿಗೆ ವರದಿ ಒಪ್ಪಿಸುತ್ತಿತ್ತು. ಅದರ ಬ್ಯಾಟರಿ ತೀರಿದರೆ ಹೊಸದು ಬೇಕು. ಮಾಡುವವರೇ ಇಲ್ಲವಾಗಿ ಆ ದಾರಿ ಮುಚ್ಚಿಹೋಯಿತು. ಎರಡನೆಯದು ನಿಮ್ಮ ಕಾರಿನಲ್ಲಿದ್ದದ್ದು, ನಮಗೆ ಉಳಿದು ಬಂದದ್ದು. ಅದಕ್ಕೆ ನಾವು ಸುತ್ತೆಣಿಕೆ ಎನ್ನುತ್ತೇವೆ, ನಮ್ಮ ಎಲ್ಲ ಮನೆಗಳಲ್ಲೂ ಅದನ್ನೇ ಕೂರಿಸಿದ್ದೇವೆ. ಅದು ಗಾಳಿಯನ್ನು ಅಳೆಯುವುದೇ ಇಲ್ಲ. ಬ್ರೇಕಿಗೆಂದು ಗಾಲಿಗಳ ಬಳಿ ಇಟ್ಟ ಸೆನ್ಸರುಗಳಿಂದ ಸುತ್ತುಗಳನ್ನು ಎಣಿಸುತ್ತದೆ, ಅಷ್ಟೆ. ಗಾಳಿ ಇಳಿದ ಗಾಲಿ ತುಸು ಕುಗ್ಗುತ್ತದೆ. ಕುಗ್ಗಿದ ಗಾಲಿ ಅಷ್ಟೇ ದಾರಿಗೆ ಹೆಚ್ಚು ಸುತ್ತಬೇಕು. ಮಿಕ್ಕ ಮೂರರ ಜೊತೆ ಹೋಲಿಸಿದಾಗ ಒಂದರ ಎಣಿಕೆ ಮುಂದೆ ಹೋಗಿದ್ದರೆ ಹಳದಿ ದೀಪ ಹತ್ತುತ್ತದೆ. ನಾಲ್ಕೂ ಒಂದೇ ಸಮನೆ ಇಳಿದರೆ ದೀಪಕ್ಕೆ ಗೊತ್ತೇ ಆಗದಂತೆ. ಎಲ್ಲರೂ ಸಮವಾಗಿ ಕೆಟ್ಟರೆ ಯಾರೂ ಕೆಟ್ಟಿಲ್ಲ ಎನ್ನುವ ಲೆಕ್ಕ. ನಿಮ್ಮ ಕಾಲದವರು ಮಾಡಿದ ಯಂತ್ರವಲ್ಲವೇ, ನಿಮ್ಮಂತೆಯೇ ಇದೆ. ಇನ್ನು ದೀಪದ ಪಕ್ಕದ ಆ ಗುಂಡಿ. ಸರಿಯಾಗಿ ಗಾಳಿ ತುಂಬಿಸಿಯಾದ ಮೇಲೆ, ಈಗಿರುವುದೇ ಸರಿ, ಇದನ್ನೇ ನೆನಪಿಟ್ಟುಕೋ ಎಂದು ಯಂತ್ರಕ್ಕೆ ಹೇಳುವ ಗುಂಡಿ ಅದು. ಗಾಳಿ ತುಂಬಿಸದೆ ಅದನ್ನು ಒತ್ತಿದರೆ, ಪಾಪ, ಇಳಿದ ಗಾಲಿಯನ್ನೇ ಅದು ಸರಿಯೆಂದು ನಂಬುತ್ತದೆ. ಇದೆಲ್ಲ ನನಗೆ ತಿಳಿದು ಹನ್ನೊಂದು ದಿನವಾಯಿತು.

ಅದಕ್ಕೆ ಮೊದಲು ನನಗೆ ತಿಳಿದದ್ದು ನಿಮ್ಮ ಪುಟ ಮಾತ್ರ. ನಿಮ್ಮ ಕಾರಿನ ಕೈಪಿಡಿಯಲ್ಲಿ ಉಳಿದದ್ದು ಒಂದೇ ಹಾಳೆ, ಅದೂ ಕೆಳಗಿನ ಅರ್ಧ. ಅಚ್ಚಾದ ಇಂಗ್ಲಿಷನ್ನು ಓದುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಅಂಚಿನಲ್ಲಿ ನೀವು ಡ್ರಾಯಿಂಗ್ ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿದ್ದೀರಿ: "ಆಮೇಲೆ ಈ ಗುಂಡಿಯನ್ನು ಮೂರು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಹಳದಿ ದೀಪ ಹೋಗುತ್ತದೆ." ಪಕ್ಕದಲ್ಲಿ ಗುಂಡಿಯ ಚಿತ್ರ, ಅದಕ್ಕೊಂದು ಬಾಣದ ಗುರುತು. ಈ ಅರ್ಧ ಪುಟಕ್ಕೆ ನಾವು ಗಾಜು ಹಾಕಿಸಿದೆವು. ಅದನ್ನು ಕಾಯುವ ಹೆಂಗಸಿಗೆ ಪುಟದವ್ವ ಎಂಬ ಹೆಸರಾಯಿತು. ನನ್ನ ಅಜ್ಜಿ ಪುಟದವ್ವ, ನನ್ನ ಅವ್ವ ಪುಟದವ್ವ, ಈಗ ನಾನು. ದೀಪ ಹತ್ತಿದಾಗ ಇಡೀ ಮನೆ ಎದ್ದು ನಿಂತು ನಿಮ್ಮ ಎರಡು ಸಾಲು ಹೇಳಿ ಮೂರು ಎಣಿಸುತ್ತಿತ್ತು. ದೀಪ ಹೋಗುತ್ತಿತ್ತು. ಹೋಗುವ ದೀಪಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಗಾಲಿ ಒಡೆಯುವುದೂ ಇತ್ತು, ಅದನ್ನು ರಸ್ತೆಯ ತಲೆಗೆ ಕಟ್ಟುತ್ತಿದ್ದೆವು.

ನಮ್ಮ ಹಿಂದೆಯೇ ಬರುವ ಇನ್ನೊಂದು ತಂಡವಿದೆ. ಅವರ ಹಿರಿಯರು ಲಾರಿಯವರು. ದಿನಾ ಬೆಳಿಗ್ಗೆ ಹೊರಡುವ ಮೊದಲು ಕೈಯಲ್ಲಿ ಬಡಿಗೆ ಹಿಡಿದು ಪ್ರತಿ ಗಾಲಿಗೂ ಒಂದೊಂದು ಏಟು ಹಾಕಿ, ಕಿವಿಗೊಟ್ಟು ಕೇಳಿ, ಬೇಕಾದಲ್ಲಿ ಗಾಳಿ ಹೊಡೆದುಕೊಳ್ಳುತ್ತಾರೆ. ನಾವು ಅವರನ್ನು ಗಾಲಿಬಡುಕರು ಎಂದು ಆಡಿಕೊಂಡು ನಗುತ್ತಿದ್ದೆವು. ಬರೆದಿಟ್ಟ ಪುಟವಿಲ್ಲದ ಜನ ಪಾಪ, ಬಡಿಯದೆ ಇನ್ನೇನು ಮಾಡಿಯಾರು ಎನ್ನುತ್ತಿದ್ದೆವು. ಹೊನ್ನಿ ಮಾತ್ರ ಅವರ ಖಾಜಾಬಿ ಎಂಬ ಮುದುಕಿಯ ಹಿಂದೆ ತಿರುಗಿ ಬಡಿಯುವುದನ್ನು ಕಲಿತಳು, ಅವಳಿಂದ ಒಂದು ಜಾಲಿ ಬಡಿಗೆಯನ್ನೂ ಇಸಕೊಂಡು ಬಂದಳು. "ತುಂಬಿದ ಗಾಲಿ ಟಣ್ ಅಂತೈತಿ, ಇಳದದ್ದು ದಪ್ ಅಂತೈತಿ, ಅಷ್ಟ ನೋಡವ್ವ" ಎಂದು ನನಗೂ ಕಲಿಸಲು ಬಂದಳು. ಪುಟದವ್ವನ ಮಗಳು ಊರೆದುರು ಗಾಲಿ ಬಡಿಯುತ್ತಾಳೆಂದರೆ ನನ್ನ ಮುಖ ಎಲ್ಲಿಡಲಿ? ಬಡಿಗೆಯನ್ನು ಕಸಿದು ಅಟ್ಟದ ಮೇಲೆ ಎಸೆದೆ.

ಈ ವರ್ಷ ನಮ್ಮ ಮನೆಯ ದೀಪ ಹದಿನೆಂಟು ದಿನದಲ್ಲಿ ನಾಲ್ಕು ಸಲ ಹತ್ತಿತು. ನಾಲ್ಕು ಸಲವೂ ಒತ್ತಿದೆವು. ಐದನೆಯ ಸಲ ಹತ್ತಿದ್ದು ಮೇ ಇಪ್ಪತ್ತೆಂಟರ ಬೆಳಿಗ್ಗೆ ಹತ್ತಕ್ಕೆ, ಕಪ್ಪತಗುಡ್ಡದಿಂದ ಇಳಿಯುವಾಗ. ಸ್ಟೇರಿಂಗ್ ಹಿಡಿದಿದ್ದವಳು ಹೊನ್ನಿ.

"ಅವ್ವಾ, ದೀಪ ಮತ್ತ ಹತ್ತೇತಿ. ನಿಂದರಸ್ತೀನಿ, ಇಳದು ಗಾಲಿ ನೋಡೂಣು."

"ಇಳಕಲಾಗ ನಿಂತ್ರ ಹಿಂದಿನವ್ರೂ ನಿಲ್ಬೇಕಾಗ್ತೈತಿ. ಮುತ್ತ್ಯಾ ಬರದಿಟ್ಟಾನಲ್ಲ, ಒತ್ತು."

"ಆಮ್ಯಾಲ ಒತ್ತು ಅಂತ ಬರದಾನ. ಏನಾದ ಮ್ಯಾಲ, ಅವ್ವಾ?"

ಈ ಪ್ರಶ್ನೆಯನ್ನು ಅವಳು ಐದು ವರ್ಷದವಳಿದ್ದಾಗಲೇ ಕೇಳಿದ್ದಳು. ಆಗ ಬಾಯಿ ಮುಚ್ಚಿಸಿದ್ದೆ. ಅವತ್ತೂ ಮುಚ್ಚಿಸಿದೆ. ಅವಳು ಒತ್ತಿದಳು. ನಾನೇ ಜೋರಾಗಿ ಮೂರು ಎಣಿಸಿದೆ. ದೀಪ ಹೋಯಿತು. ಎರಡು ತಿರುವು ಕಳೆದ ಮೇಲೆ ಹಿಂದಿನ ಎಡಗಾಲಿ ಒಡೆದು ಮನೆ ಮಗ್ಗುಲಾಗಿ ಬಿತ್ತು. ಎಷ್ಟೋ ದಿನದಿಂದ ಕಡಿಮೆ ಗಾಳಿಯಲ್ಲಿ ಮಡಚಿ ಮಡಚಿ ಕಾದು, ಒಳಗೇ ಬೆಂದುಹೋಗಿದ್ದ ಗಾಲಿ ಅದು ಎಂದು ಆಮೇಲೆ ಖಾಜಾಬಿ ರಬ್ಬರಿನ ಚೂರು ಕೈಯಲ್ಲಿ ಹಿಡಿದು, ಗುಂಡಿಯ ಗುಟ್ಟನ್ನೂ ಸೇರಿಸಿ ತಿಳಿಸಿ ಹೇಳಿದಳು. ನನಗೆ ತರಚಿದ ಗಾಯವಷ್ಟೇ ಆಯಿತು. ಗಾಳಿ ಹೊಡೆಯುವ ಪಂಪು ಬಾಗಿಲ ಪಕ್ಕದ ಮೊಳೆಗೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಅದೂ ಕಪ್ಪತಗುಡ್ಡದಲ್ಲಿ, ಮಾಸ್ತರರೇ, ಗಾಳಿಗೇನು ಬರವಿತ್ತೇ?

ಮಣ್ಣು ಕೊಟ್ಟು ಬಂದ ಎರಡನೆಯ ದಿನ, ಬಿದ್ದ ಮನೆಯ ಸಾಮಾನು ಆರಿಸುತ್ತಿದ್ದೆ. ನಿಮ್ಮ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಹಿತ್ತಾಳೆಯ ಗಣಪತಿ ಕಿತ್ತು ಬಂದಿದ್ದ. ನೀವು ಕೂರಿಸಿದ ಗಣಪತಿಯನ್ನು ಏಳು ತಲೆಮಾರಿನಲ್ಲಿ ಯಾರೂ ಕದಲಿಸಿರಲಿಲ್ಲ, ಕದಲಿಸಬಾರದು ಎಂಬುದೇ ಕಟ್ಟಳೆ. ಅವನ ಪೀಠದಡಿ ಅಲುಗಾಡದಂತೆ ಕೊಟ್ಟ ಕಾಗದದ ಮಡಿಕೆಯೊಂದಿತ್ತು. ನೀರು ಹಚ್ಚಿ ಬಿಡಿಸಿದೆ. ಗಾಜಿನೊಳಗಿನ ಹಾಳೆಯ ಮೇಲಿನ ಅರ್ಧ. ಹರಿದ ಅಂಚಿಗೆ ಅಂಚು ಕೂಡಿತು. ಅದರ ಮೇಲೂ ಅದೇ ಮುತ್ತಿನಂಥ ಅಕ್ಷರ: "ಹಳದಿ ದೀಪ ಹತ್ತಿದರೆ ಗಾಡಿ ನಿಲ್ಲಿಸಿ ನಾಲ್ಕೂ ಗಾಲಿ ನೋಡಬೇಕು. ಗಾಳಿ ಅಳೆದು ಸರಿಯಾಗಿ ತುಂಬಿಸಬೇಕು."

ನಿಮಗೆ ಗೊತ್ತಿತ್ತು. ನೀವು ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗೊತ್ತಿದ್ದದ್ದನ್ನು ಅಚ್ಚುಕಟ್ಟಾಗಿ ಬರೆದು, ಗಣಪತಿ ಕಟಕಟ ಎನ್ನುತ್ತಾನೆಂದು ಆ ಬರೆದದ್ದನ್ನೇ ಹರಿದು ಅವನ ಬುಡಕ್ಕೆ ಕೊಟ್ಟಿರಿ. ಆ ದಿನ ನಿಮ್ಮ ಜೇಬಿನಲ್ಲಿ ಬೇರೆ ಒಂದು ಚೀಟಿ ಇರಲಿಲ್ಲವೇ? ಅಕ್ಷರವಾದರೂ ಇಷ್ಟು ಚೆಂದ ಇರಬಾರದಿತ್ತು. ಸೊಟ್ಟಂಬಟ್ಟ ಬರೆದಿದ್ದರೆ ನಾವು ಅದಕ್ಕೆ ಗಾಜು ಹಾಕಿಸುತ್ತಿರಲಿಲ್ಲ. ಎಲ್ಲವನ್ನೂ ನಿಮ್ಮ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ. ಪುಟ ನಿಮ್ಮದು, ಮಗಳನ್ನು ಸುಮ್ಮನಿರಿಸಿದ ಬಾಯಿ ನನ್ನದು. ಸಾಷ್ಟಾಂಗ ನಮಸ್ಕಾರ ಎಂದು ಬರೆಯಬೇಕಾದ ಜಾಗದಲ್ಲಿ ಅದಕ್ಕೇ ಏನೂ ಬರೆಯುತ್ತಿಲ್ಲ.

ತಂಡದವರಿಗೆ ಎರಡೂ ಅರ್ಧಗಳನ್ನು ಜೋಡಿಸಿ ತೋರಿಸಿದೆ. ಕೆಲವರು ಅತ್ತರು. ಹೆಚ್ಚಿನವರು ಗಣಪತಿಯನ್ನು ಕದಲಿಸಿದ್ದಕ್ಕೆ ನನ್ನನ್ನು ಬೈದರು. ನಿನ್ನೆಯೂ ಮೂರು ಮನೆಗಳಲ್ಲಿ ನಿಂತು ಎಣಿಸುವುದು ಕೇಳಿಸಿತು. ನಾನು ಅಟ್ಟದ ಮೇಲಿನ ಬಡಿಗೆಯನ್ನು ಹುಡುಕಿ ತೆಗೆದಿದ್ದೇನೆ. ಹೊತ್ತು ಹುಟ್ಟುವಾಗ ಇಪ್ಪತ್ತೊಂದು ಮನೆಗಳ ಗಾಲಿಗಳನ್ನೂ ಬಡಿಯುತ್ತಾ ಹೋಗುತ್ತೇನೆ, ಒಳಗಿನಿಂದ ಬೈಗುಳ ಬರುತ್ತದೆ. ದಪ್ ಎನ್ನುವ ಗಾಲಿಗಳು ಬಹಳ ಇವೆ.

ಈ ಪತ್ರ ನಿಮಗೆ ಮುಟ್ಟುವುದಿಲ್ಲವೆಂದು ಗೊತ್ತು. ಮುಟ್ಟಿಬಿಟ್ಟರೆ ಒಂದೇ ಒಂದು ಕೆಲಸ ಮಾಡಿ. ಗಣಪತಿ ಅಲುಗಾಡಲಿ ಬಿಡಿ. ಹರಿಯಲೇಬೇಕು ಎನಿಸಿದರೆ, ದಯವಿಟ್ಟು, ಕೆಳಗಿನ ಅರ್ಧ ಹರಿಯಿರಿ.

ಇಂತಿ,
ಹೊನ್ನಿಯ ಅವ್ವ