ಕಾಲು ದಾರಿ ಮುಚ್ಚಿದರೆ ಮುಕ್ಕಾಲು ಯಾರದು?

ಬೆಟ್ಟದ ಅರಣ್ಯ ಉದ್ಯಾನದ ಮಾನ್ಯ ಮುಖ್ಯಾಧಿಕಾರಿಗಳೇ,

‘ಕಾಲಿಗೆ ಗೊತ್ತಿರುವ ದಾರಿಯನ್ನು ಕಣ್ಣು ಕೇಳಬೇಕಿಲ್ಲ’ ಎಂದೋ ಏನೋ ಒಂದು ಸಾಲು. ಎಲ್ಲಿ ಓದಿದ್ದೆನೋ, ಯಾರು ಬರೆದದ್ದೋ ನೆನಪಿಲ್ಲ. ‘ಕೇಳಬೇಕಿಲ್ಲ’ ಎಂದಿತ್ತೋ ‘ಕೇಳಬಾರದು’ ಎಂದಿತ್ತೋ ಎಂಬುದೂ ಈಗ ಖಚಿತವಿಲ್ಲ. ಒಂದರಲ್ಲಿ ಸಮಾಧಾನವಿದೆ, ಇನ್ನೊಂದರಲ್ಲಿ ಗದರಿಕೆ. ಹೇಗೇ ಇರಲಿ, ಇಷ್ಟು ವರ್ಷ ಅದನ್ನು ನಿಜವೆಂದೇ ನಂಬಿಕೊಂಡು ಬಂದೆ. ಈಗ ನಂಬಿಕೆ ಸಡಿಲಾಗಿದೆ. ಕಾಲಿಗೆ ಗೊತ್ತಿದ್ದರೆ ಸಾಲದು, ತಮ್ಮ ಕಚೇರಿಗೂ ಗೊತ್ತಿರಬೇಕು ಎಂಬುದನ್ನು ಬರೆದವರು ಮರೆತರು. ನಮ್ಮ ಬೀದಿ ಮುಗಿಯುವಲ್ಲಿರುವ ಉದ್ಯಾನದ ಹಿಂಬಾಗಿಲಿನಿಂದ ಬೆಟ್ಟದ ನೆತ್ತಿಗೆ ಏರುವ ಹಳೆಯ ಕಾಲುದಾರಿಯನ್ನು ತಾವು ಮುಚ್ಚಿಸಿದ್ದೀರಿ. ಈ ಮಹಾನಗರದಲ್ಲಿ ನನ್ನ ಅಕ್ಕ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದ ಒಂದೇ ಒಂದು ಜಾಗ ಅದು. ಅದನ್ನು ತೆರೆಯಿರಿ ಎಂದು ಕೇಳಲು ಈ ಪತ್ರ.

ಅಕ್ಕ ಕಟ್ಟಡಗಳ ನಕ್ಷೆ ಬರೆಯುತ್ತಿದ್ದವಳು. ಈ ಊರಿನ ಎಷ್ಟೋ ಮನೆಗಳ ಮೆಟ್ಟಿಲುಗಳನ್ನು ಮೊದಲು ಹತ್ತಿ ಇಳಿದದ್ದು ಅವಳ ಪೆನ್ಸಿಲು. ಕೆಲವು ವರ್ಷಗಳಿಂದ ಅವಳ ನೋಟ ಅಂಚುಗಳಿಂದ ಕರಗುತ್ತಾ ಬಂದು, ಈಗ ಕೊಳವೆಯೊಳಗಿಂದ ಇಣುಕಿದಷ್ಟು ಉಳಿದಿದೆ. ಅದೂ ಹೋಗುತ್ತದೆ, ಯಾವಾಗ ಎಂದು ಹೇಳಲಾಗದು ಎಂದು ವೈದ್ಯರು ಕೈಚೆಲ್ಲಿದ್ದಾರೆ. ಬೀದಿಯಲ್ಲಿ ಅವಳು ನನ್ನ ಮೊಣಕೈ ಹಿಡಿಯುತ್ತಾಳೆ. ಹಿಡಿಯುವ ರೀತಿಯಲ್ಲೇ ಅವಳಿಗದು ಎಷ್ಟು ಬೇಡದ್ದು ಎಂದು ತಿಳಿಯುತ್ತದೆ. ಆದರೆ ಹಿಂಬಾಗಿಲು ದಾಟಿ ಕಾಲಡಿಗೆ ಮಣ್ಣು ಸಿಕ್ಕಿದ ಕೂಡಲೇ ಮೊಣಕೈ ಬಿಟ್ಟು ಮುಂದೆ ಹೋಗುತ್ತಿದ್ದಳು, ನಾನು ಏದುಸಿರು ಬಿಡುತ್ತಾ ಹಿಂದೆ. ಎರಡನೆಯ ತಿರುವಿನಲ್ಲಿ ದಾರಿಗೆ ಅಡ್ಡಲಾಗಿ ಒಂದು ದಪ್ಪ ಬೇರು. ಅಲ್ಲಿಗೆ ಬಂದಾಗ ಹಿಂದಿರುಗಿ ನೋಡದೆಯೇ ಅವಳದು ಒಂದೇ ಮಾತು: “ಬೇರಿದೆ, ಕಾಲೆತ್ತು.” ಕಣ್ಣು ನೆಟ್ಟಗಿರುವ ನಾನು ಎಷ್ಟು ಸಲ ಅದೇ ಬೇರಿಗೆ ಎಡವಿದ್ದೇನೋ ಲೆಕ್ಕವಿಲ್ಲ.

ಅವಳ ಉದ್ದೇಶ ವಿಹಾರವಾಗಿರಲಿಲ್ಲ, ಸ್ವಾಮಿ. “ಕಣ್ಣು ಇರೋವಾಗಲೇ ಕಾಲಿಗೆ ಪಾಠ ಹೇಳಿಬಿಡಬೇಕು” ಎನ್ನುತ್ತಿದ್ದಳು. ತಳದಿಂದ ಒಂದಿಷ್ಟು ದೂರ ಕಣ್ಣು ಮುಚ್ಚಿ ನಡೆಯುವುದು, ತಪ್ಪಿದರೆ ಕಣ್ಣು ತೆರೆದು ನೋಡುವುದು, ಮತ್ತೆ ಮುಚ್ಚುವುದು. ಮಕ್ಕಳು ಮಗ್ಗಿ ಉರುಹೊಡೆದಂತೆ ಅವಳ ಪಾದಗಳು ಆ ದಾರಿಯನ್ನು ಉರುಹೊಡೆಯುತ್ತಿದ್ದವು. ಹೀಗೆ ದಾರಿಯಲ್ಲಿ ಸಿಗುವ ದೊಡ್ಡ ಬಂಡೆಯ ಬುಡದ ತನಕ ಕಲಿತಿದ್ದಾಳೆ. ಮುಕ್ಕಾಲು ಕಾಲಿಗೆ ಬಂದಿದೆ, ಮೇಲಿನ ಕಾಲು ಭಾಗ ಬಾಕಿ. ಅಷ್ಟರಲ್ಲಿ ತಮ್ಮ ಫಲಕ ಬಂತು.

ಆ ಫಲಕದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಪಾತ್ರವೂ ಇದೆ. ನಾನು ಒಂದು ಪ್ರಕಾಶನ ಸಂಸ್ಥೆಯಲ್ಲಿ ಕರಡು ತಿದ್ದುವವಳು. ಎರಡು ಪದಗಳ ನಡುವೆ ಇರಬೇಕಾದ ಜಾಗ ಇಲ್ಲದಿದ್ದರೆ, ಇರಬಾರದ ಜಾಗ ಇದ್ದರೆ, ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ನನಗೆ ಇಡೀ ದಿನ ಹಾಳು. ಹಸಿರು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ತಾವು ಬರೆಸಿದ್ದು ಹೀಗೆ: ‘ಕಾಲು ದಾರಿ ಮುಚ್ಚಲಾಗಿದೆ’. ಕಾಲು, ಜಾಗ, ದಾರಿ. ಇದ್ದದ್ದನ್ನು ಇದ್ದ ಹಾಗೆ ಅಕ್ಕನಿಗೆ ಓದಿ ಹೇಳಿದೆ. ಅವಳು “ಕಾಲು ತಾನೆ? ಇನ್ನೂ ಮುಕ್ಕಾಲಿದೆ, ನಡಿ” ಎಂದು ಹೊರಟೇಬಿಟ್ಟಳು. ಅಲ್ಲಿದ್ದ ತಮ್ಮ ಕಾವಲುಗಾರರಿಗೂ ನಗು ತಡೆಯಲಾಗಲಿಲ್ಲ. ಯಾವ ಕಾಲು ಮುಚ್ಚಿದೆ, ಕೆಳಗಿನದೋ ಮೇಲಿನದೋ ಎಂದು ಬೆಳಗಿನ ವಾಕಿಂಗಿನವರು ಅವರನ್ನು ಕೆಣಕುತ್ತಿದ್ದರಂತೆ. ತಮಗೂ ಮೇಲಿನವರು ಹೇಳಿಲ್ಲವೆಂದು ಅವರು ಮರದ ನೆರಳಿಗೆ ಸರಿಯುತ್ತಿದ್ದರಂತೆ. ಕೆಲವು ವಾರ ಆ ದಾರಿ ಅದೊಂದು ಖಾಲಿ ಜಾಗದ ಕೃಪೆಯಲ್ಲಿ ಬದುಕಿತ್ತು. ಮುಚ್ಚಿದೆ ಎಂದು ಓದುವವರಿಗೆ ಮುಚ್ಚಿತ್ತು, ನಡೆಯುವವರಿಗೆ ತೆರೆದಿತ್ತು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ದಾರಿಯನ್ನು ಏಕೆ ಮುಚ್ಚಿದಿರಿ ಎಂದು ವಿಚಾರಿಸಲು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಕಿಟಕಿಯ ಹಿಂದೆ ಕೂತಿದ್ದವರು ಗಾಳಿಗೆ ಮರ ಬಿದ್ದಿದೆ, ಸುರಕ್ಷತೆಯ ಪ್ರಶ್ನೆ ಎಂದರು. ಮರ ಎತ್ತಿಸಬಹುದಲ್ಲ ಎಂದೆ. ಅದು ಪರಿಶೀಲನೆಯಲ್ಲಿದೆ ಎಂದರು. ಆ ಮರ ಬಿದ್ದು ಆಗಲೇ ಅದರ ಮೈಮೇಲೆ ಅಣಬೆ ಬೆಳೆದಿತ್ತು. ಪರಿಶೀಲನೆಯ ಮೇಲೂ ಬೆಳೆದಿರಬೇಕು. ಎದ್ದು ಬರುವಾಗ ನನ್ನ ಹಾಳು ಅಭ್ಯಾಸ ಬಾಯಿಬಿಡಿಸಿತು: ಅಂದ ಹಾಗೆ ನಿಮ್ಮ ಫಲಕದಲ್ಲಿ ತಪ್ಪಿದೆ, ‘ಕಾಲುದಾರಿ’ ಒಂದೇ ಪದ, ನಡುವೆ ಜಾಗ ಬರಬಾರದು. ಅವರಿಗೆ ನೋವಾಯಿತು. “ಓದೋಕೆ ಅನುಕೂಲ ಆಗಲಿ ಅಂತಾನೇ ಜಾಗ ಬಿಟ್ಟಿರೋದು ಮೇಡಂ” ಎಂದರು. ಜಾಗ ಬಿಟ್ಟರೆ ಅರ್ಥ ಬದಲಾಗುತ್ತದೆ ಎಂದೆ. ಅವರು ಎರಡನ್ನೂ ದೂರು ಎಂದು ದಾಖಲಿಸಿಕೊಂಡರು.

ಮುಂದಿನ ವಾರವೇ ಫೋನಿಗೆ ಸಂದೇಶ: ‘ತಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆ ತೃಪ್ತಿಕರವೇ? ನಕ್ಷತ್ರಗಳನ್ನು ನೀಡಿ.’ ಅಕ್ಕ ಆಗಲೇ ಬೂಟಿಗೆ ಕಾಲು ತೂರಿಸಿದ್ದಳು. ಹೋಗಿ ನೋಡಿದರೆ ಹೊಸ ಫಲಕ. ‘ಕಾಲುದಾರಿ ಮುಚ್ಚಲಾಗಿದೆ.’ ಕೂಡಿಸಿ, ಮುದ್ದಾಗಿ, ಕೊನೆಗೆ ಪೂರ್ಣವಿರಾಮ ಸಮೇತ. ಹಿಂದೆ ಆಳೆತ್ತರದ ತಂತಿಬೇಲಿ. ಕಾವಲುಗಾರರ ಮುಖದಲ್ಲಿ ಹಿಂದಿನ ನಗುವಿರಲಿಲ್ಲ. “ಈಗ ಸ್ಪಷ್ಟವಾಗಿ ಬರೆದಿದೆಯಲ್ಲ ಮೇಡಂ, ನಾನೇನು ಮಾಡಲಿ?” ಎಂದರು. ನನ್ನ ವೃತ್ತಿಜೀವನದಲ್ಲಿ ಇಷ್ಟು ತ್ವರಿತವಾಗಿ, ಇಷ್ಟು ನಿಷ್ಠೆಯಿಂದ ಯಾವ ಮುದ್ರಕನೂ ನನ್ನ ತಿದ್ದುಪಡಿಯನ್ನು ಅಳವಡಿಸಿಕೊಂಡಿಲ್ಲ. ಎರಡು ದೂರು ಕೊಟ್ಟಿದ್ದೆ. ಒಂದನ್ನು ಪರಿಹರಿಸಿ ಇನ್ನೊಂದನ್ನು ಅದರಿಂದಲೇ ಹೂತುಬಿಟ್ಟಿರಿ. ತಮಗೆ ಎಷ್ಟು ನಕ್ಷತ್ರ ಕೊಡಲಿ? ಅಕ್ಕ ಮಾತ್ರ ಬೇಲಿಯ ತಂತಿಯನ್ನು ಬೆರಳಲ್ಲಿ ತಡವುತ್ತಾ, “ನಿನ್ನ ಕೆಂಪು ಪೆನ್ನು ಇಲ್ಲಿಗೂ ಬಂತಾ?” ಎಂದಳು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ತಮ್ಮ ಕಷ್ಟ ಅರಿಯದವಳಲ್ಲ ನಾನು. ರಜೆ ಬಂದರೆ ಇಡೀ ನಗರ ಬೆಟ್ಟದ ಮೇಲೆ ಬಂದು ಬೀಳುತ್ತದೆ. ಬಾಟಲಿ ಎಸೆಯುವವರಿದ್ದಾರೆ, ಹಾಡು ಹಚ್ಚಿಕೊಂಡು ಹತ್ತುವವರಿದ್ದಾರೆ. ತಿರುವು ಸುತ್ತಲು ಬೇಸರವೆಂದು ಇಳಿಜಾರನ್ನು ಸೀಳಿ ಅಡ್ಡದಾರಿ ಮಾಡಿ, ಮಳೆಗೆ ಮಣ್ಣು ಕೊಚ್ಚಿಹೋಗುವಂತೆ ಮಾಡುವವರೂ ಇದ್ದಾರೆ. ಅಂಥ ಅಡ್ಡದಾರಿಗಳನ್ನು ಮುಚ್ಚಿ, ನಾನೇ ಬಂದು ಕಲ್ಲು ಹೊರುತ್ತೇನೆ. ಆದರೆ ಅಡ್ಡದಾರಿಗೂ ಕಾಲುದಾರಿಗೂ ವ್ಯತ್ಯಾಸ ತಿಳಿಯಲು ಪದಕೋಶ ಬೇಕೇ? ಅಡ್ಡದಾರಿ ಬೇಗ ತಲುಪಬೇಕೆನ್ನುವವನದು. ಕಾಲುದಾರಿ ಅನೇಕರ ಕಾಲುಗಳು, ಎಷ್ಟೋ ತಲೆಮಾರು, ಜಗಳವಾಡದೆ ಒಪ್ಪಿಕೊಂಡದ್ದು. ಎಲ್ಲಿ ನೀರು ಹರಿಯುತ್ತದೋ ಅಲ್ಲಿ ಅದು ಬಳಸುತ್ತದೆ, ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕೆ ಗುತ್ತಿಗೆದಾರನಿರಲಿಲ್ಲ, ಉದ್ಘಾಟನೆ ಆಗಲಿಲ್ಲ. ತಮ್ಮ ಕಣ್ಣಿಗೆ ಅದು ಬೀಳದಿರಲು ಅದೇ ಕಾರಣವಿರಬಹುದು.

ಬದಲಿಗೆ ತಾವು ಕೊಟ್ಟದ್ದು ಮುಂಬಾಗಿಲಿನ ‘ನಿಸರ್ಗ ಪಥ’. ಅಲ್ಲಿಗೂ ಅಕ್ಕನನ್ನು ಕರೆದುಕೊಂಡು ಹೋದೆ, ಕೊಟ್ಟದ್ದನ್ನು ನೋಡದೆ ದೂರಬಾರದೆಂದು. ನುಣುಪು ಹಾಸುಗಲ್ಲು, ಹೊಳೆಯುವ ಉಕ್ಕಿನ ಕಂಬಿ, ಫೋಟೊ ತೆಗೆಸಿಕೊಳ್ಳಲು ಹೃದಯದಾಕಾರದ ಚೌಕಟ್ಟು. ಮರಕ್ಕೆ ಕಟ್ಟಿದ ಸ್ಪೀಕರಿನಿಂದ ಹಕ್ಕಿಗಳ ಕೂಗು. ಹಕ್ಕಿಗಳಿರುವ ಕಾಡಿನಲ್ಲಿ ಹಕ್ಕಿಯ ಕೂಗನ್ನು ಧ್ವನಿಮುದ್ರಿಸಿ ಕೇಳಿಸುವ ಈ ಆಲೋಚನೆ ಯಾವ ಸಭೆಯಲ್ಲಿ ಹೊಳೆಯಿತು, ಸ್ವಾಮಿ? ತಾವು ಇದ್ದ ಆ ಸಭೆಯಲ್ಲೇ? ಅಕ್ಕ ದಾರಿ ತಿಳಿಯಲು ಕಿವಿಯನ್ನೂ ನೆಚ್ಚಿದವಳು. ನೀರಿನ ಸದ್ದು ಎಡಕ್ಕಿದ್ದರೆ ಬಂಡೆ ಹತ್ತಿರ, ಗಾಳಿ ಬದಲಾದರೆ ಬಯಲು ಬಂತು. ಅಲ್ಲಿ ಅವಳಿಗೆ ಎಲ್ಲ ಕಡೆಯಿಂದಲೂ ಒಂದೇ ಹಕ್ಕಿ ಕೂಗಿತು. ಮೆಟ್ಟಿಲುಗಳೋ ಒಂದೊಂದು ಒಂದೊಂದು ಎತ್ತರ, ಕಾಲು ಇಟ್ಟಲ್ಲೆಲ್ಲ ಲೆಕ್ಕ ತಪ್ಪಿತು. “ಇದನ್ನು ಕಟ್ಟಿದವನು ಊಟಕ್ಕೆ ಮುಂಚೆ ಒಂದು ಅಳತೆ, ಊಟ ಆದಮೇಲೆ ಇನ್ನೊಂದು ಅಳತೆ ಹಿಡಿದಿದ್ದಾನೆ” ಎಂದು ನಗಿಸಿದಳು. ಅಷ್ಟು ಹೇಳಿ ನನ್ನ ಮೊಣಕೈ ಹಿಡಿದುಕೊಂಡಳು. ಬೆಟ್ಟದ ಮೇಲೆ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು. ನಗು ಅಲ್ಲಿಗೇ ನಿಂತಿತು.

ಅಂದಿನಿಂದ ಮನೆಯಲ್ಲಿ ಯಾರಿಗೂ ಕಾಲು ನಿಲ್ಲುತ್ತಿಲ್ಲ. ಅಕ್ಕ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಕುರ್ಚಿ ಸರಿಸುತ್ತಾಳೆ, ಮತ್ತೆ ಅಲ್ಲಿಗೇ ತರುತ್ತಾಳೆ. ಬಾಲ್ಕನಿಯಿಂದ ಬೆಟ್ಟ ಕಾಣುತ್ತದೆ. ಅವಳ ಕೊಳವೆಯೊಳಗೆ ಅದು ಎಷ್ಟು ಹಿಡಿಸುತ್ತದೋ ಕೇಳುವ ಧೈರ್ಯ ನನಗಿಲ್ಲ. ಈ ಪತ್ರವನ್ನು ನಾನೂ ಕೂತು ಬರೆದಿಲ್ಲ. ಒಂದು ವಾಕ್ಯ ಬರೆದು ಏಳುತ್ತೇನೆ, ಕಿಟಕಿಯ ತನಕ ಹೋಗುತ್ತೇನೆ, ಬಂದು ಇನ್ನೊಂದು ಬರೆಯುತ್ತೇನೆ. ವಾಕ್ಯಗಳು ಅಲ್ಲಲ್ಲಿ ಕುಂಟಿದ್ದರೆ ಮನ್ನಿಸಿ. ಕಳೆದ ಭಾನುವಾರ ಅವಳು ಮೊದಲ ಸಲ ಕೇಳಿದಳು, “ಬಂಡೆ ಆದಮೇಲೆ ದಾರಿ ಬಲಕ್ಕೋ ಎಡಕ್ಕೋ?” ಮೊದಲು ಏರಿ, ಆಮೇಲೆ ಬಲಕ್ಕೆ ಎಂದೆ. ಎಂದ ಮೇಲೆ ನನಗೇ ಅನುಮಾನ ಶುರುವಾಯಿತು. ನಾನು ಯಾವತ್ತೂ ಅವಳ ಹಿಂದೆ ನಡೆದವಳು, ದಾರಿ ನೋಡಿದವಳಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು, ತುರ್ತಿನದು. ಬಿದ್ದ ಮರವನ್ನು ಎತ್ತಿಸಿ; ಎತ್ತಿಸಲಾಗದಿದ್ದರೆ ಹಾಗೇ ಬಿಡಿ, ಅದರಡಿ ಬಗ್ಗಿ ಹೋಗುವುದನ್ನೂ ಅಕ್ಕ ಕಲಿತಿದ್ದಾಳೆ. ಬೇಲಿಗೆ ಒಂದು ಬಾಗಿಲಿಡಿ. ಜನ ಹೆಚ್ಚಾದರೆ ಮಿತಿ ಹಾಕಿ, ಹೊತ್ತು ಗೊತ್ತು ಮಾಡಿ, ಬೇಕಾದರೆ ಬೆಳಗಿನ ಒಂದು ಗಳಿಗೆ ಮಾತ್ರ ತೆರೆಯಿರಿ. ಹಾಸುಗಲ್ಲು ಮಾತ್ರ ದಯವಿಟ್ಟು ಹಾಕಬೇಡಿ, ಬೇರನ್ನು ಕಡಿಯಬೇಡಿ. ತಮ್ಮ ಪರಿಶೀಲನೆಗೆ ಗಡುವಿಲ್ಲದಿರಬಹುದು, ಅವಳ ಕಣ್ಣಿಗೆ ಇದೆ. ಅವಳು ಇನ್ನು ಕಲಿಯಬೇಕಾದದ್ದು ಕಾಲು ದಾರಿ. ಇಲ್ಲಿ ನಡುವೆ ಜಾಗ ಬಿಟ್ಟೇ ಬರೆದಿದ್ದೇನೆ. ಇದನ್ನು ಯಾರೂ ತಿದ್ದಬಾರದು.

ಇಂತಿ,
ಒಂದು ಖಾಲಿ ಜಾಗವನ್ನು ಉಳಿಸಿಕೊಳ್ಳಲಾರದ
ಕರಡು ತಿದ್ದುವವಳು

ಮತ್ತೊಂದು ಮಾತು. ಪತ್ರವನ್ನು ಮಡಚುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮಹಡಿಯ ಟೈಲರ್ ಆಂಟಿ, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಜೋತಾಡುತ್ತಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ದನಿ ತಗ್ಗಿಸಿ ಹೇಳಿದರು: “ನಿಮ್ಮಕ್ಕ ಬೆಳಗ್ಗಿಂದ ನಮ್ಮ ಮೆಟ್ಟಿಲು ಹತ್ತೋದು ಇಳಿಯೋದು ಮಾಡ್ತಿದಾರೆ, ಅದೂ ಕಣ್ಣು ಮುಚ್ಚಿಕೊಂಡು. ಏನಾದ್ರೂ ಕಳ್ಕೊಂಡ್ರಾ ಅಂತ ಕೇಳ್ದೆ. ಇಲ್ಲ, ಕಾಲಿಗೆ ಮರೆತುಹೋಗಬಾರದಲ್ಲ ಅಂದ್ರು. ನಂಗೇನೂ ಅರ್ಥ ಆಗ್ಲಿಲ್ಲ ನೋಡಿ. ಜೊತೇಲಿ ಹತ್ತಿ ಬರ್ತಿದ್ದೆ, ಎರಡನೇ ತಿರುವಲ್ಲಿ ನಿಂತು, ಬೇರಿದೆ, ಕಾಲೆತ್ತಿ ಅಂದ್ರು. ಸಿಮೆಂಟು ಮೆಟ್ಟಿಲಲ್ಲಿ ಎಲ್ಲಿಯ ಬೇರು ಹೇಳಿ? ಆದ್ರೂ ನಾನೂ ಎತ್ತಿದೆ.”